ಹೆಸರು ಯಾರದು, ದಾನ ಯಾರದು?

ಹಿಂದೂಪುರ, ಕಲ್ಯಾಣದುರ್ಗಗಳು ಬರಗಾಲಕ್ಕೆ ಹೆಸರಾದ ಊರುಗಳೇ ಹೊರತು ದಾನಧರ್ಮಕ್ಕೆ ಹೆಸರಾದವಲ್ಲ. ವರ್ಷಕ್ಕೆ 550 ಮಿಲಿಮೀಟರ್ ಮಳೆ ಬಿದ್ದರೆ ಅದೇ ದೊಡ್ಡ ಭಾಗ್ಯವೆನ್ನುವ ನೆಲವಿದು. ಆದರೂ ಈ ಸೀಮೆಯಲ್ಲಿ ಎತ್ತ ತಿರುಗಿದರೂ ದಾನದ ಗುರುತುಗಳೇ ಕಾಣುತ್ತವೆ. ಹಳೆಯ ಕೆರೆ, ಛತ್ರ, ಬೇಸಿಗೆಯಲ್ಲಿ ತೆಲುಗಿನವರು ಚಲಿವೇಂದ್ರವೆಂದು ಕರೆಯುವ ಅರವಟ್ಟಿಗೆ, ಗುಡಿಯ ಮೆಟ್ಟಿಲ ಮೇಲೆ ಕೆತ್ತಿದ ಹೆಸರು, ಗೋಡೆ ಗಡಿಯಾರದ ಮೇಲೆ ಬರೆಸಿದ ಹೆಸರು, ಕೊನೆಗೆ ಟ್ಯೂಬ್‌ಲೈಟಿನ ಮೇಲೂ ಹೆಸರು. ಕೆಲವು ಕಡೆ ಹೆಸರು ಎಷ್ಟು ದಪ್ಪವಾಗಿರುತ್ತದೆಂದರೆ ಬೆಳಕು ಹೊರಗೆ ಬರುವುದೇ ಕಷ್ಟ! ಹೆಸರು ಓದಿದವರು ‘ಕೊಟ್ಟವರು ಇವರು’ ಎಂದುಕೊಳ್ಳುವುದು ಸಹಜ. ಆದರೆ ಈ ಭಾಗದ ದಾನಧರ್ಮದ ಇತಿಹಾಸವನ್ನು ನೋಡುತ್ತ ಹೋದರೆ, ಕಲ್ಲಿನ ಮೇಲೆ ಹೆಸರಿರುವವರೂ ನಿಜವಾಗಿ ಕೊಟ್ಟವರೂ ಯಾವಾಗಲೂ ಒಬ್ಬರೇ ಅಲ್ಲವೆಂಬುದು ತಿಳಿದುಬರುತ್ತದೆ.

ಹಿಂದೂಪುರವನ್ನು ಗುತ್ತಿಯ ಮರಾಠಾ ಸರದಾರ ಮುರಾರಿರಾಯನು ಕಟ್ಟಿಸಿ ತನ್ನ ತಂದೆ ಹಿಂದೂರಾಯನ ಹೆಸರಿಟ್ಟನೆಂದು ಪ್ರತೀತಿ. ಕಲ್ಯಾಣದುರ್ಗಕ್ಕೆ ಕಲ್ಯಾಣಪ್ಪನೆಂಬ ಪಾಳೆಯಗಾರನಿಂದ ಹೆಸರು ಬಂತೆನ್ನುತ್ತಾರೆ. ಬಳ್ಳಾರಿ ಜಿಲ್ಲೆಯನ್ನು 1882ರಲ್ಲಿ ಒಡೆದು ಅನಂತಪುರ ಜಿಲ್ಲೆಯನ್ನು ಮಾಡಿದಾಗ ಈ ಸೀಮೆ ಆ ಕಡೆಗೆ ಸೇರಿತು. 2022ರ ಏಪ್ರಿಲ್‌ನಲ್ಲಿ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗವು ಅನಂತಪುರದಲ್ಲೇ ಉಳಿಯಿತು. ಕಚೇರಿಯಲ್ಲಿ ತೆಲುಗು, ಮಡಕಶಿರಾ, ಅಮರಾಪುರ, ರೊಳ್ಳ, ಅಗಳಿ ಕಡೆಯ ಮನೆಗಳಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಮುಡಿಪು ಕಟ್ಟುವವರಿಗೂ ಗಡಿಯಿಲ್ಲ. ಒಂದೇ ಮನೆಯಿಂದ ಒಂದು ಕಾಣಿಕೆ ತಿರುಪತಿಗೆ, ಇನ್ನೊಂದು ಧರ್ಮಸ್ಥಳಕ್ಕೆ, ಮತ್ತೊಂದು ಸಿದ್ಧಗಂಗೆಗೆ ಹೋಗುವುದುಂಟು.

ದಾನದ ಮಾತು ಬಂದಾಗ ಇಲ್ಲಿಯವರಿಗೆ ಮೊದಲು ನೆನಪಾಗುವ ಸ್ಥಳ ಹಿಂದೂಪುರಕ್ಕೆ ಸುಮಾರು 15 ಕಿಲೋಮೀಟರ್ ದೂರದ ಲೇಪಾಕ್ಷಿ. ಅಲ್ಲಿಯ ವೀರಭದ್ರಸ್ವಾಮಿಯ ದೇವಾಲಯವನ್ನು ವಿಜಯನಗರದ ಅಚ್ಯುತದೇವರಾಯನ ಕಾಲದಲ್ಲಿ, ಅಂದರೆ 1529ರಿಂದ 1542ರ ನಡುವಿನ ಆಳ್ವಿಕೆಯಲ್ಲಿ, ವಿರೂಪಣ್ಣ ಮತ್ತು ವೀರಣ್ಣ ಎಂಬ ಸಹೋದರರು ಬೆಳೆಸಿದರು. ದೇವಾಲಯದ ಶಾಸನಗಳಲ್ಲಿ ಹಲವು ಕನ್ನಡದಲ್ಲಿವೆ. ಪೂಜೆ, ನೈವೇದ್ಯ, ದೀಪಾರಾಧನೆಗಳಿಗೆ ಬಿಟ್ಟುಕೊಟ್ಟ ಗ್ರಾಮಗಳ ವಿವರ ಅವುಗಳಲ್ಲಿದೆ. ವಿರೂಪಣ್ಣನನ್ನು ಲಕ್ಕಿಸೆಟ್ಟಿಯ ಮಗನೆಂದು ಶಾಸನಗಳು ಕರೆಯುತ್ತವೆ. ಸೆಟ್ಟರ ಮನೆಯ ಹುಡುಗ ಪೆನುಕೊಂಡೆಯ ರಾಜ್ಯಾಡಳಿತದಲ್ಲಿ ದೊಡ್ಡ ಅಧಿಕಾರಕ್ಕೆ ಏರಿದನೆಂದು ಇದರಿಂದ ತಿಳಿಯಬೇಕು.

ಶಾಸನದಲ್ಲಿ ಇಲ್ಲದ ಕಥೆಯೊಂದು ಜನರ ಬಾಯಲ್ಲಿದೆ. ಬೊಕ್ಕಸದ ಅಧಿಕಾರಿಯಾಗಿದ್ದ ವಿರೂಪಣ್ಣ ರಾಯನ ಅಪ್ಪಣೆ ಇಲ್ಲದೆ ರಾಜ್ಯದ ಹಣವನ್ನು ಗುಡಿಗೆ ಸುರಿದ. ರಾಯನಿಗೆ ದೂರು ಹೋಯಿತು. ಕಣ್ಣು ಕೀಳಿಸುವ ಶಿಕ್ಷೆ ಆಯಿತು. ಆಳುಗಳು ಬರುವ ಮೊದಲೇ ವಿರೂಪಣ್ಣ ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದ. ಕಲ್ಯಾಣಮಂಟಪ ಅರ್ಧಕ್ಕೆ ನಿಂತಿತು. ಗೋಡೆಯ ಮೇಲಿನ ಎರಡು ಕೆಂಪು ಗುರುತುಗಳನ್ನು ಇಂದಿಗೂ ಯಾತ್ರಿಕರಿಗೆ ತೋರಿಸುತ್ತಾರೆ. ಇದು ಚರಿತ್ರೆಯಲ್ಲ, ಐತಿಹ್ಯ. ಆದರೆ ಐತಿಹ್ಯವೆಂದು ತಳ್ಳಿಹಾಕುವ ಮೊದಲು, ಜನರು ಅದನ್ನು ತಲೆಮಾರುಗಳಿಂದ ಏಕೆ ಹೇಳುತ್ತ ಬಂದರೆಂದು ಯೋಚಿಸುವುದು ಲೇಸು. ಬೊಕ್ಕಸ ರಾಯನದು. ಬೊಕ್ಕಸಕ್ಕೆ ಬಂದದ್ದು ಒಕ್ಕಲುಮಕ್ಕಳ ಕಂದಾಯ. ಪುಣ್ಯ ಮತ್ತು ಹೆಸರು ವಿರೂಪಣ್ಣನಿಗೆ. ಆ ಗುಡಿಯಲ್ಲಿ ಇವು ವಿರೂಪಣ್ಣನ ಸ್ವಂತದ್ದೆಂದು ಯಾರ ತಕರಾರೂ ಇಲ್ಲದೆ ಹೇಳಬಹುದಾದದ್ದು ಅವನ ಎರಡು ಕಣ್ಣುಗಳು ಮಾತ್ರ.

ರಾಜರ ದಾನ ಹೀಗಾದರೆ, ವ್ಯಾಪಾರಿಗಳ ದಾನದ ರೀತಿ ಬೇರೆ. ಕನ್ನಡ ನಾಡಿನ ಹಳೆಯ ಶಾಸನಗಳಲ್ಲಿ ಗಾಣಕ್ಕೆ ಇಷ್ಟು ಎಣ್ಣೆ, ಹೇರಿಗೆ ಇಷ್ಟು ಹಣ, ಅಡಕೆಯ ಮೂಟೆಗೆ ಇಷ್ಟು ಅಡಕೆ ಎಂದು ದೇವರಿಗೆ ಬಿಟ್ಟ ಲೆಕ್ಕಗಳು ಬೇಕಾದಷ್ಟಿವೆ. ಒಬ್ಬ ಶ್ರೀಮಂತನು ಒಮ್ಮೆ ಕೊಟ್ಟು ಮುಗಿಸುವ ದಾನ ಇದಲ್ಲ. ಸಂತೆ ನಡೆಯುವವರೆಗೆ ನಡೆಯುವ, ಸಾಮಾನಿನ ಮೇಲೆ ಬೀಳುವ ದಾನ. ಇದೇ ಪದ್ಧತಿ ಮುಂದೆ ‘ಧರ್ಮಾದಾಯ’ ಎಂಬ ಹೆಸರಿನಲ್ಲಿ ಮಂಡಿಗಳಿಗೆ ಬಂತು. ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿಗಳ ವ್ಯಾಪಾರಕ್ಕೆ ಹಿಂದೂಪುರ ಹೆಸರಾದ ಊರು. ಮಂಡಿಯ ವ್ಯವಹಾರ ತಿಳಿದವರಿಗೆ ಪಟ್ಟಿಯ ಲೆಕ್ಕ ಹೊಸದಲ್ಲ. ಒಟ್ಟು ಹಣದಲ್ಲಿ ಕಮಿಷನ್, ಹಮಾಲಿ, ತೂಕದ ಕೂಲಿಗಳನ್ನು ಕಳೆದು, ಕೊನೆಗೆ ಚೀಲಕ್ಕೆ ಇಷ್ಟು ಪೈಸೆಯಂತೆ ಧರ್ಮಾದಾಯ ಹಿಡಿಯುವ ಪದ್ಧತಿ ದೇಶದ ಬಹಳಷ್ಟು ಮಂಡಿಗಳಲ್ಲಿತ್ತು. ಹೀಗೆ ಕೂಡಿದ ಪೈಸೆಗಳಿಂದ ಗುಡಿ, ಛತ್ರ, ಗೋಶಾಲೆ, ಪಾಠಶಾಲೆಗಳು ನಡೆದಿವೆ. ಯಾರಿಗೂ ಭಾರವಾಗದೆ ದೊಡ್ಡ ಕೆಲಸ ಆಗುವುದು ಇದರ ಗುಣ.

ಇದರ ದೋಷವನ್ನೂ ಹೇಳದೆ ಬಿಡಬಾರದು. ಪೈಸೆ ಕಳೆಯುವುದು ರೈತನ ಪಟ್ಟಿಯಲ್ಲಿ, ಅಮೃತಶಿಲೆಯ ಮೇಲೆ ಹೆಸರು ಬರುವುದು ವ್ಯಾಪಾರಿಯದು. ‘ನನ್ನನ್ನು ಕೇಳದೆ ನನ್ನ ಹೆಸರಿಲ್ಲದೆ ನನ್ನಿಂದ ಧರ್ಮ ಮಾಡಿಸುತ್ತೀರಲ್ಲ’ ಎಂದು ರೈತ ಕೇಳಿದರೆ ಉತ್ತರ ಕೊಡುವುದು ಕಷ್ಟ. ಮಂಡಿಗಳಲ್ಲಿ ರೈತರ ಹಣದಿಂದ ಹೀಗೆ ಹತ್ತೆಂಟು ಬಾಬುಗಳನ್ನು ಹಿಡಿಯುವುದನ್ನು 1928ರಲ್ಲಿ ವರದಿ ಕೊಟ್ಟ ರಾಯಲ್ ಕೃಷಿ ಆಯೋಗವು ಆಕ್ಷೇಪಿಸಿ, ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದಿತು. ಮದರಾಸು ಪ್ರಾಂತದಲ್ಲಿ 1933ರಲ್ಲಿ ವಾಣಿಜ್ಯ ಬೆಳೆಗಳ ಮಾರುಕಟ್ಟೆ ಕಾಯಿದೆ ಬಂತು. ಆಂಧ್ರಪ್ರದೇಶದಲ್ಲಿ 1966ರಲ್ಲಿ ಮಾರುಕಟ್ಟೆ ಕಾಯಿದೆಯಾಗಿ, ರೈತನ ಪಟ್ಟಿಯಲ್ಲಿ ಮನಬಂದಂತೆ ಕಳೆಯುವುದಕ್ಕೆ ಕಡಿವಾಣ ಬಿತ್ತು.

ಆದಾಯ ತೆರಿಗೆಯವರು ಇದೇ ಪ್ರಶ್ನೆಯನ್ನು ಇನ್ನೊಂದು ದಿಕ್ಕಿನಿಂದ ಎತ್ತಿದರು. ವ್ಯಾಪಾರಿ ಗಿರಾಕಿಯಿಂದ ಬಿಲ್ಲಿನಲ್ಲಿ ಧರ್ಮಾದಾಯವೆಂದು ಪಡೆದ ಹಣ ಅವನ ಆದಾಯವೇ, ಅದಕ್ಕೆ ತೆರಿಗೆ ಹಾಕಬೇಕೇ ಎಂಬುದು ವಿವಾದ. ಬಿಜ್ಲಿ ಕಾಟನ್ ಮಿಲ್ಸ್ ಎಂಬ ಉತ್ತರ ಭಾರತದ ಗಿರಣಿಯ ಮೊಕದ್ದಮೆಯಲ್ಲಿ 1979ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆ ಹಣ ಧರ್ಮಕ್ಕೆಂದೇ ಬಂದದ್ದು, ವ್ಯಾಪಾರಿ ಅದನ್ನು ಕೈಯಲ್ಲಿ ಹಿಡಿದಿರುವವನು ಮಾತ್ರ, ಆದ್ದರಿಂದ ಅದು ಅವನ ಆದಾಯವಲ್ಲ ಎಂಬುದು ತೀರ್ಪಿನ ಸಾರ. ವ್ಯಾಪಾರಿಗಳು ಈ ತೀರ್ಪಿನಿಂದ ಸಂತೋಷಪಟ್ಟರು, ಪಡಬೇಕಾದದ್ದೇ. ಆದರೆ ಅದೇ ತೀರ್ಪನ್ನು ಇನ್ನೊಮ್ಮೆ ಓದಿದರೆ ಬೇರೊಂದು ಅರ್ಥವೂ ಹೊರಡುತ್ತದೆ. ಆ ಹಣ ವ್ಯಾಪಾರಿಯದಲ್ಲವೆಂದ ಮೇಲೆ, ಅದರಿಂದ ಆದ ದಾನವೂ ಅವನೊಬ್ಬನದಲ್ಲ.

ನೀರಿನ ವಿಷಯಕ್ಕೆ ಬಂದರೆ, ದಾನಕ್ಕೂ ದುರಸ್ತಿಗೂ ಹಿರಿಯರು ಹಾಕಿದ ಗಂಟು ಮೆಚ್ಚುವಂಥದ್ದು. ಕೆರೆ ಕಟ್ಟಿಸಿದವನಿಗೆ ಅಥವಾ ಒಡೆದ ಕೆರೆಯನ್ನು ಸರಿಮಾಡಿಸಿದವನಿಗೆ ಆ ಕೆರೆಯ ಕೆಳಗಿನ ಜಮೀನಿನ ಹುಟ್ಟುವಳಿಯಲ್ಲಿ ಒಂದು ಪಾಲು ಬಿಟ್ಟುಕೊಡುತ್ತಿದ್ದರು. ಹಳೆಯ ಶಾಸನಗಳಲ್ಲಿ ಇದು ದಶವಂದ. ಇಂಗ್ಲಿಷರ ಕಾಲದ ಕಾಗದಗಳಲ್ಲಿ ದಶಬಂಧ ಇನಾಮು. ಇನಾಮು ಪುಕ್ಕಟೆಯಲ್ಲ. ಕಟ್ಟೆ, ತೂಬುಗಳನ್ನು ಸುಸ್ಥಿತಿಯಲ್ಲಿ ಇಡುವ ಹೊಣೆ ಇನಾಮುದಾರನದು. ಈ ಸೀಮೆಯನ್ನು 1800ರಲ್ಲಿ ನಿಜಾಮರು ಕಂಪನಿಗೆ ಬಿಟ್ಟುಕೊಟ್ಟ ಮೇಲೆ, 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಸಾಹೇಬರು ಭೂಮಿಯ ಪೈಮಾಯಿಷಿ ನಡೆಸಿ ಕಂದಾಯ ಗೊತ್ತುಮಾಡಿದರು. 1858ರಿಂದ ಇನಾಮು ಆಯೋಗವು ಹಕ್ಕುಪತ್ರಗಳನ್ನು ಕೊಟ್ಟಿತು. ಕಾಲ ಕಳೆದಂತೆ ಜಮೀನು ಉಣ್ಣುವವರು ಉಳಿದರು, ಕೆರೆಯ ಹೂಳೂ ಉಳಿಯಿತು.

ಕೆರೆಯ ದಾನದಲ್ಲಿ ಜೀವದಾನದ ಕಥೆಯೂ ಇದೆ. ಅನಂತಪುರದ ಬಳಿಯ ಬುಕ್ಕರಾಯಸಮುದ್ರದ ಕೆರೆಯ ಕಟ್ಟೆ ಒಡೆದಾಗ ಮುಸಲಮ್ಮನೆಂಬ ಮನೆಸೊಸೆ ತನ್ನನ್ನೇ ಅರ್ಪಿಸಿಕೊಂಡಳೆಂಬುದು ಆ ಕಡೆಯ ಐತಿಹ್ಯ. ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ತೆಲುಗಿನಲ್ಲಿ ಇದನ್ನು ಕಾವ್ಯ ಮಾಡಿದ್ದಾರೆ. ಕನ್ನಡಿಗರಿಗೆ ‘ಕೆರೆಗೆ ಹಾರ’ದ ಭಾಗೀರಥಿ ಗೊತ್ತೇ ಇದೆ. ಕೆರೆ ಕಟ್ಟಿಸಿದ ಪುಣ್ಯ ಊರ ಗೌಡನಿಗೆ, ಜೀವ ಹೋದದ್ದು ಸೊಸೆಯದು. ಮುಸಲಮ್ಮನಿಗಾದರೋ ಜನರು ಕೈಮುಗಿದರು, ಹೆಸರು ಉಳಿಸಿದರು.

ಕೊಡುವವರೇ ಬೇಡುವವರಾದ ಕಾಲವೂ ಬಂತು. ಅದು 1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರ. ದಕ್ಷಿಣ ಭಾರತದಲ್ಲಿ ಸತ್ತವರು 50 ಲಕ್ಷಕ್ಕೂ ಹೆಚ್ಚೆಂದು ಅಂದಾಜು. ಬಳ್ಳಾರಿ ಸೀಮೆ ಅತಿಯಾಗಿ ನೊಂದ ಭಾಗಗಳಲ್ಲಿ ಒಂದು. ಆಗ ಹಿಂದೂಪುರವೂ ಕಲ್ಯಾಣದುರ್ಗವೂ ಇದ್ದದ್ದು ಅಲ್ಲೇ. ಪರಿಹಾರದ ಕೆಲಸಕ್ಕೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಅರ್ಧ ಕಿಲೋಗೂ ಕಡಿಮೆ, ಧಾನ್ಯ ಸಾಕೆಂದು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ 1877ರಲ್ಲಿ ಗೊತ್ತುಮಾಡಿದ. ಪುಕ್ಕಟೆ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆಂಬ ವಾದ ಆಗಲೂ ಇತ್ತು. ಹಸಿದವನ ಎದುರು ನಿಂತು ಈ ವಾದ ಹೂಡಲು ಗಟ್ಟಿ ಎದೆಯೇ ಬೇಕು.

ಅದೇ ವರ್ಷ ಆಗಸ್ಟಿನಲ್ಲಿ ಲಂಡನ್ನಿನ ಮೇಯರರು ಮ್ಯಾನ್ಷನ್ ಹೌಸ್ ನಿಧಿ ಎಂಬ ಚಂದಾ ಎತ್ತಿಸಿದರು. 5 ಲಕ್ಷ ಪೌಂಡಿಗೂ ಹೆಚ್ಚು ಕೂಡಿತು. ಈ ಹಣದಲ್ಲಿ ಗಂಜಿಯಷ್ಟೇ ಅಲ್ಲ, ಬದುಕಿ ಉಳಿದ ರೈತರಿಗೆ ಬಿತ್ತನೆ ಬೀಜ, ಎತ್ತು, ಮನೆಗೆ ಹೊದಿಕೆಗಳಿಗೆಂದು ನೆರವು ಕೊಟ್ಟದ್ದು ಗಮನಾರ್ಹ. ಸರ್ಕಾರದ ಕಟ್ಟುನಿಟ್ಟಿಗೆ ಕಾಣದ ಅಗತ್ಯ ಚಂದಾ ಕೊಟ್ಟವರಿಗೆ ಕಂಡಿತು. ಕಡಲಾಚೆಯ ಊರಿನಲ್ಲಿ ಕುಳಿತು ಚಂದಾ ಹಾಕಿದವರ ಹೆಸರು ಇಲ್ಲಿ ಬೀಜ ಬಿತ್ತಿದವನಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಸುಮಾರು 90 ವರ್ಷಗಳ ನಂತರ ಇನ್ನೊಮ್ಮೆ ಹೊರದೇಶದ ಹಣ ಈ ಜಿಲ್ಲೆಗೆ ಬಂತು. ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ 1920ರಲ್ಲಿ ಹುಟ್ಟಿದ ವಿನ್ಸೆಂಟ್ ಫೆರ್ರರ್ ಅವರು 1952ರಲ್ಲಿ ಕ್ರೈಸ್ತ ಪಾದ್ರಿಯಾಗಿ ಭಾರತಕ್ಕೆ ಬಂದವರು. ಮಹಾರಾಷ್ಟ್ರದ ಮನಮಾಡದಲ್ಲಿ ಬಾವಿ ತೋಡಿಸುವ ಕೆಲಸ ಮಾಡುತ್ತಿದ್ದಾಗ ವಿರೋಧ ಎದ್ದು 1968ರಲ್ಲಿ ದೇಶ ಬಿಡಬೇಕಾಯಿತು. ಇಂದಿರಾಗಾಂಧಿಯವರ ಸರ್ಕಾರ ಮರಳಿ ಬರಲು ಒಪ್ಪಿದ ಮೇಲೆ 1969ರಲ್ಲಿ ಅನಂತಪುರಕ್ಕೆ ಬಂದು ಗ್ರಾಮೀಣ ಅಭಿವೃದ್ಧಿ ಟ್ರಸ್ಟನ್ನು ಆರಂಭಿಸಿದರು. ಜನರೆಲ್ಲ ಆರ್‌ಡಿಟಿ ಎನ್ನುವುದು ಇದನ್ನೇ. ಮುಂದಿನ ವರ್ಷ ಪಾದ್ರಿಯ ಪದವಿ ಬಿಟ್ಟು ಆನ್ ಅವರನ್ನು ಮದುವೆಯಾದರು. ಬಿಳಿಯ ದೊರೆ ಬಂದಿದ್ದಾನೆ, ಧರ್ಮ ಕೆಡಿಸುತ್ತಾನೆ ಎಂಬ ಅನುಮಾನ ಮೊದಲು ಇದ್ದದ್ದು ಸಹಜವೇ. ಬಾವಿ, ಶಾಲೆ, ಮನೆ, ಆಸ್ಪತ್ರೆಗಳು ಎದ್ದಂತೆ ಅನುಮಾನ ಕರಗುತ್ತ ಬಂತು. ಕಲ್ಯಾಣದುರ್ಗದಲ್ಲಿ, ಕಣೇಕಲ್ಲಿನಲ್ಲಿ, ಬತ್ತಲಪಲ್ಲಿಯಲ್ಲಿ ಟ್ರಸ್ಟಿನ ಆಸ್ಪತ್ರೆಗಳು ಆದವು. ಬಡವರಿಗೆ ಕಟ್ಟಿಸಿಕೊಟ್ಟ ಮನೆಗಳನ್ನು ಹೆಣ್ಣುಮಕ್ಕಳ ಹೆಸರಿಗೆ ಬರೆಸಿದ್ದು ಲೋಕಜ್ಞಾನದ ಕೆಲಸ. ಗಂಡಸಿನ ಹೆಸರಿಗೆ ಬರೆದ ಮನೆ ಸಾಲಕ್ಕೆ ಹೋಗುವುದು ಎಷ್ಟು ಹೊತ್ತು!

ಹಣದ ಮೂಲ ಸ್ಪೇನಿನ ಸಾಧಾರಣ ಸಂಸಾರಗಳು. ತಿಂಗಳಿಗೆ ಇಷ್ಟೆಂದು ಕಳಿಸಿ ಇಲ್ಲಿಯ ಒಂದೊಂದು ಮಗುವಿನ ಹೊಣೆ ಹೊರುವ ಪದ್ಧತಿ. ಮಗು ಓದುತ್ತಿದೆಯೆಂದು ಅವರಿಗೆ ಕಾಗದ ಹೋಗುತ್ತದೆ. 1996ರಲ್ಲಿ ಫೆರ್ರರ್ ಅವರ ಹೆಸರಿನ ಪ್ರತಿಷ್ಠಾನವನ್ನು ಸ್ಪೇನಿನಲ್ಲಿ ಸ್ಥಾಪಿಸಲಾಯಿತು. 2009ರ ಜೂನ್ 19ರಂದು ಫೆರ್ರರ್ ಅವರು ಅನಂತಪುರದಲ್ಲಿ ತೀರಿಕೊಂಡಾಗ ಹಳ್ಳಿಹಳ್ಳಿಗಳಿಂದ ಸಾವಿರಾರು ಜನ ಬಂದರು.

ಆಮೇಲೆ ನಡೆದ ಸಂಗತಿಯನ್ನು ಪತ್ರಿಕೆಗಳು ಅಷ್ಟಾಗಿ ಬರೆಯಲಿಲ್ಲ. ‘ಇಂಡಿಯಾ ಫಾರ್ ಇಂಡಿಯಾ’ ಎಂಬ ಹೆಸರಿನಲ್ಲಿ ಟ್ರಸ್ಟಿನವರು ಹಳ್ಳಿಯ ಮನೆಗಳಿಗೆ ಪುಟ್ಟ ಹುಂಡಿಗಳನ್ನು ಹಂಚಿದರು. ನೆರವು ಪಡೆದ ಕೂಲಿಯವರ ಮನೆಗಳೇ ಅವು. ಚಿಲ್ಲರೆ ಬಿದ್ದಾಗ ಹಾಕಿ, ತಮಗಿಂತ ಕಷ್ಟದಲ್ಲಿರುವವರಿಗೆ ಕೊಡಿ ಎಂಬುದು ಏರ್ಪಾಡು. ಅಡುಗೆಗೆ ಅಕ್ಕಿ ತೆಗೆಯುವಾಗ ಒಂದು ಹಿಡಿಯನ್ನು ದೇವರ ಮೀಸಲೆಂದು ಬೇರೆ ಇಡುವ ರೂಢಿಯುಳ್ಳ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಹುಂಡಿಯಲ್ಲಿ ಬಿದ್ದ ನಾಣ್ಯಕ್ಕೆ ಹೆಸರು ಬರೆಯಲು ಜಾಗವೂ ಇಲ್ಲ. 2025ರಲ್ಲಿ ವಿದೇಶೀ ದೇಣಿಗೆಯ ಅನುಮತಿಯ ನವೀಕರಣಕ್ಕೆ ತೊಡಕು ಬಂದಾಗ ಅದಕ್ಕಾಗಿ ಬೀದಿಗಿಳಿದು ಕೇಳಿದವರು ಈ ಮನೆಗಳ ಜನರೇ. ಪಕ್ಷಭೇದವಿಲ್ಲದೆ ಜಿಲ್ಲೆಯ ಮುಖಂಡರು ಅವರ ಜೊತೆ ದನಿಗೂಡಿಸಿದರು.

ಪುಟ್ಟಪರ್ತಿಯ ಸತ್ಯಸಾಯಿ ಟ್ರಸ್ಟಿನವರು 1995ರಿಂದ ಆರಂಭಿಸಿ 731 ಗ್ರಾಮಗಳಿಗೆ ಕುಡಿಯುವ ನೀರು ಕೊಡಿಸಿದ್ದು ಎಲ್ಲರಿಗೂ ತಿಳಿದದ್ದೇ. 1999ರ ನವೆಂಬರಿನಲ್ಲಿ ಅಂಚೆ ಇಲಾಖೆ ಅದಕ್ಕಾಗಿ ಅಂಚೆಚೀಟಿಯನ್ನೂ ಹೊರಡಿಸಿತು. ಅದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ.

ವಿಸ್ತರಿಸಬೇಕಾದದ್ದು ದೇವಾಲಯಗಳ ಶಾಶ್ವತ ಪೂಜೆಯ ವಿಷಯ. ತಿರುಮಲೆಯಲ್ಲಿ ನಿತ್ಯ ಅನ್ನದಾನ ಯೋಜನೆಯನ್ನು 1985ರ ಏಪ್ರಿಲ್‌ನಲ್ಲಿ ಆರಂಭಿಸಿದವರು ಆಗ ಮುಖ್ಯಮಂತ್ರಿಯಾಗಿದ್ದ, ಹಿಂದೂಪುರದ ಶಾಸಕರೂ ಆಗಿದ್ದ ಎನ್.ಟಿ. ರಾಮರಾಯರು. ಮೊದಲು ದಿನಕ್ಕೆ ಸುಮಾರು 2,000 ಜನರ ಊಟ. ಭಕ್ತರ ದೇಣಿಗೆಯನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿಯಲ್ಲಿ ಅನ್ನ ಹಾಕುವುದು ಅಲ್ಲಿಯ ಕ್ರಮ. ಊರೂರ ಗುಡಿಗಳ ಶಾಶ್ವತ ಪೂಜಾ ನಿಧಿಯೂ ಇದೇ ಲೆಕ್ಕದ್ದು. ಆದರೆ ತಿರುಮಲೆಗೆ ಹೊಸ ದೇಣಿಗೆ ದಿನವೂ ಬರುತ್ತದೆ, ಊರ ಗುಡಿಗೆ ಬರುವುದಿಲ್ಲ. 1995ರ ಸುಮಾರಿಗೆ ಬ್ಯಾಂಕಿನ ನಿಶ್ಚಿತ ಠೇವಣಿಗೆ ಶೇಕಡಾ 11ರಂತೆ ಬಡ್ಡಿ ಸಿಗುತ್ತಿತ್ತು. ಒಬ್ಬ ಭಕ್ತರು 1,001 ರೂಪಾಯಿ ಕಟ್ಟಿದರೆ ವರ್ಷಕ್ಕೆ 110 ರೂಪಾಯಿ ಬಂದು, ಅಭಿಷೇಕ, ನೈವೇದ್ಯ ಮುಗಿದು ಮಿಗುತ್ತಿತ್ತು. ಈಗ ಶೇಕಡಾ ಆರೂವರೆಯೆಂದರೆ 65 ರೂಪಾಯಿ. ಎರಡು ತೆಂಗಿನಕಾಯಿ ಕೊಂಡರೆ ಹೂವಿಗೆ ಇಲ್ಲ, ಹೂವು ಕೊಂಡರೆ ಕರ್ಪೂರಕ್ಕೆ ಇಲ್ಲ. ಆದರೂ ಬೋರ್ಡಿನಲ್ಲಿ ‘ಶಾಶ್ವತ’ ಎಂದೇ ಇದೆ, ಪೂಜೆಯ ದಿನ ದಾನಿಯ ಗೋತ್ರನಾಮವನ್ನು ಅರ್ಚಕರು ತಪ್ಪದೆ ಹೇಳುತ್ತಾರೆ. ಕೊರತೆ ಬಿದ್ದ ಹಣ ಎಲ್ಲಿಂದ ಬರುತ್ತದೆ? ಅಂದು ಆರತಿ ತಟ್ಟೆಗೆ ಹತ್ತು ರೂಪಾಯಿ ಹಾಕಿದವರಿಂದ, ಹುಂಡಿಗೆ ಹಾಕಿದವರಿಂದ. ಲೇಪಾಕ್ಷಿಗೆ ಗ್ರಾಮಗಳನ್ನು ಬಿಟ್ಟವರು ಈ ವಿಷಯದಲ್ಲಿ ಜಾಣರು. ರಾಗಿಯ ಬೆಲೆ ಏರಿದಂತೆ ಭೂಮಿಯ ಆದಾಯವೂ ಏರುತ್ತದೆ, ಕಾಗದದ ಹಣಕ್ಕೆ ಆ ಗುಣವಿಲ್ಲ. ಭೂಮಿಗೆ ಒತ್ತುವರಿಯ ಭಯ, ಹಣಕ್ಕೆ ಸವಕಳಿಯ ಭಯ. ಎರಡಕ್ಕೂ ಕಾವಲು ಬೇಕು.

ಹಣದ ದಾನಕ್ಕೆ ರಸೀತಿ ಇದೆ. ಆದಾಯ ತೆರಿಗೆಯ ರಿಯಾಯಿತಿಗಾಗಿ ನಗದಾಗಿ ಕೊಡುವ ದೇಣಿಗೆಯ ಮಿತಿಯನ್ನು 2017ರಲ್ಲಿ 10,000 ರೂಪಾಯಿಯಿಂದ 2,000ಕ್ಕೆ ಇಳಿಸಿದ ಮೇಲೆ ರಸೀತಿ ಕೇಳುವವರು, ಚೆಕ್ಕು ಬರೆಯುವವರು ಹೆಚ್ಚಿದ್ದಾರೆ. ಲೆಕ್ಕ ಕೇಳುವುದನ್ನು ಅವಮಾನವೆಂದು ತಿಳಿಯುವ ಆಡಳಿತ ಮಂಡಲಿಗಳು ಇನ್ನೂ ಕೆಲವಿವೆ. ಕೇಳುವವನು ಮುಂದೆಯೂ ಕೊಡಲಿರುವವನೆಂದು ಅಂಥವರು ತಿಳಿಯುವುದೊಳ್ಳೆಯದು.

ಮೈಮುರಿದು ಕೊಡುವ ದಾನಕ್ಕೆ ಮಾತ್ರ ರಸೀತಿಯಿಲ್ಲ. ಹಿಂದೆ ಅಧಿಕಾರಿಗೆ ಹೆದರಿ ಮಾಡಿದ ಕೆಲಸಕ್ಕೆ ಬಿಟ್ಟಿ ಎಂದರು. ಸ್ವಾತಂತ್ರ್ಯ ಬಂದ ಮೇಲೆ, 1952ರ ಗಾಂಧೀ ಜಯಂತಿಯಂದು ಸಮುದಾಯ ಅಭಿವೃದ್ಧಿ ಯೋಜನೆಗಳು ಶುರುವಾದಾಗ, ಹಳ್ಳಿಯ ರಸ್ತೆಗೆ ಮಣ್ಣು ಹೊತ್ತದ್ದಕ್ಕೆ ಶ್ರಮದಾನ ಎಂದರು. ಬುಟ್ಟಿ ಎರಡಕ್ಕೂ ಒಂದೇ. ಮನಸ್ಸಿದ್ದು ಹೊತ್ತದ್ದು ಯಾವುದು, ಊರ ದೊಡ್ಡವರಿಗೆ ಅಂಜಿ ಹೊತ್ತದ್ದು ಯಾವುದು ಎಂದು ಹೊತ್ತವನಿಗೇ ಗೊತ್ತು. ಸತ್ಯಸಾಯಿ ಸೇವಾದಳದವರು ತಮ್ಮ ಪ್ರಯಾಣದ ಖರ್ಚನ್ನು ತಾವೇ ಹಾಕಿಕೊಂಡು ಬಂದು ಕಸ ಗುಡಿಸಿ, ಪಾತ್ರೆ ತೊಳೆದು ಹೋಗುವುದು ಮನಸ್ಸಿದ್ದು ಮಾಡುವ ಜಾತಿಯದು.

ತುಮಕೂರಿನ ಸಿದ್ಧಗಂಗಾ ಮಠದ ದಾಸೋಹವನ್ನು ನೋಡಿದವರಿಗೆ ಈ ಮಾತು ಬೇಗ ತಿಳಿಯುತ್ತದೆ. 2019ರ ಜನವರಿ 21ರಂದು ತಮ್ಮ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಮಹಾಸ್ವಾಮಿಗಳ ಕಾಲದಲ್ಲಿ ಅಲ್ಲಿ ಸುಮಾರು 10,000 ಮಕ್ಕಳು ಜಾತಿಮತಗಳ ಎಣಿಕೆಯಿಲ್ಲದೆ ಉಂಡು ಓದುತ್ತಿದ್ದರು. ಸುಗ್ಗಿಯಾದ ಮೇಲೆ ರೈತರು ರಾಗಿ, ಕಾಳುಗಳನ್ನು ಗಾಡಿಯಲ್ಲಿ ತಂದು ಸುರಿದು ಹೋಗುವರು. ಕಣಜಕ್ಕೆ ಬಿದ್ದ ಮೇಲೆ ಯಾರ ಹೊಲದ ರಾಗಿ ಯಾವ ಮಗುವಿನ ಮುದ್ದೆಯಾಯಿತೆಂದು ವಿಂಗಡಿಸುವವರಾರು? ಹನ್ನೆರಡನೆಯ ಶತಮಾನದ ಶರಣರು ದಾನವೆಂಬ ಮಾತಿಗಿಂತ ದಾಸೋಹವೆಂಬ ಮಾತನ್ನು ಹೆಚ್ಚು ಮೆಚ್ಚಿದ್ದೂ ಇದಕ್ಕೇ. ದಾನ ಎಂದಾಗ ಕೊಡುವವನ ಕೈ ಮೇಲೆ. ದಾಸೋಹವೆಂದಾಗ ಕೊಡುವವನೇ ಆಳು.

ಜಾತ್ರೆಯ ಸ್ಮರಣ ಸಂಚಿಕೆಗಳ ಕೊನೆಯಲ್ಲಿ ದಾನಿಗಳ ಪಟ್ಟಿ ಅಚ್ಚಾಗುವುದು ರೂಢಿ. 5,001 ಕೊಟ್ಟವರು ಮೊದಲು, 101 ಕೊಟ್ಟವರು ಕೊನೆಗೆ. ಸೌದೆ ತಂದವರು, ತೇರಿನ ಮಿಣಿ ಹಿಡಿದವರು, ಅನ್ನದಾನದ ದಿನ ರಾತ್ರಿ ಎರಡು ಗಂಟೆಯವರೆಗೆ ಕೊಪ್ಪರಿಗೆ ಉಜ್ಜಿದವರು ಆ ಪಟ್ಟಿಯಲ್ಲಿ ಇರುವುದಿಲ್ಲ. ಎಲ್ಲೋ ಒಂದೆರಡು ಕಡೆ ಅವರ ಹೆಸರುಗಳನ್ನೂ ಕೇಳಿ ಬರೆದುಕೊಂಡು ಒಂದು ಪುಟ ಹಾಕಿದ್ದುಂಟು. ಆ ಪುಟದಲ್ಲಿ ಮೊತ್ತದ ಕಾಲಮ್ಮಿಗೆ ಏನು ಬರೆಯಬೇಕೆಂದು ಪ್ರೆಸ್ಸಿನವರಿಗೆ ತೋಚದೆ ಖಾಲಿ ಬಿಟ್ಟಿರುತ್ತಾರೆ.